ಪುಷ್ಪಮ್ಮ ಮತ್ತು ಗಂಡನ ಸಹಿ

ಶಿವಮೊಗ್ಗದ ವಿನೋಬನಗರದ ಒಂದು ನರ್ಸಿಂಗ್ ಹೋಂನಲ್ಲಿ ಪುಷ್ಪಮ್ಮ ಇಪ್ಪತ್ತೇಳು ವರ್ಷದಿಂದ ಕೆಲಸಕ್ಕಿದ್ದಾಳೆ. ಆಯಾ ಆಗಿ ಸೇರಿದವಳು ಈಗ ಚೀಟಿ ಬರೆಯುವ ಮೇಜಿಗೆ ಬಂದಿದ್ದಾಳೆ. ಭದ್ರಾವತಿಯ ಓಲ್ಡ್ ಟೌನಿನಿಂದ ದಿನವೂ ಬಸ್ಸಿನಲ್ಲಿ ಓಡಾಟ. ಗರ್ಭ ತೆಗೆಸಲು ಬಂದ ಹೆಂಗಸರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ಗಂಡನ ಸೈನ್ ಹಾಕಿಸ್ಕೊಂಡು ಬನ್ನಿ, ಕಾನೂನು." ಕಾನೂನು ಎಂದ ಮೇಲೆ ಯಾರೂ ಎದುರಾಡುತ್ತಿರಲಿಲ್ಲ. ಹಾಗೆ ಹೋದ ಕೆಲವರು ಏಳೆಂಟು ತಿಂಗಳ ನಂತರ ಹೆರಿಗೆಗೇ ಬರುತ್ತಿದ್ದರು.

ಆ ಕಾನೂನನ್ನು ಅವಳು ತನಗಾಗಿಯೂ ಸಡಿಲಿಸಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಇಬ್ಬರು ಹೆಣ್ಣುಮಕ್ಕಳಾದ ಮೇಲೆ, ಮತ್ತೆ ಬಸಿರಾಯಿತು. ಗಂಡನ ಸಹಿಗೆ ಗೆರೆಯಿದ್ದ ಅದೇ ಒಪ್ಪಿಗೆ ಫಾರಂ ಮನೆಗೆ ಒಯ್ದಳು. ಕಾಗದನಗರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗಂಡ ಸಿದ್ದಯ್ಯ ಅದನ್ನು ಎರಡು ಸಲ ಓದಿ, ಮಡಚಿ, ದೇವರ ಗೂಡಿನಲ್ಲಿಟ್ಟ. "ಈ ಸಲ ಗಂಡೇ ಆಗುತ್ತೆ, ಸುಮ್ನಿರು ಮಾರಾಯ್ತಿ" ಅಂದ. ಹುಟ್ಟಿದವಳು ರಶ್ಮಿ.

ಹೋದ ವರ್ಷ ಶಿವಮೊಗ್ಗದಲ್ಲೇ ನರ್ಸಿಂಗ್ ಹೋಂನವರಿಗೆ ತರಬೇತಿ ಇತ್ತು. ಡಾಕ್ಟರಮ್ಮನಿಗೆ ಪುರುಸೊತ್ತಿರಲಿಲ್ಲ, ಪುಷ್ಪಮ್ಮನನ್ನು ಕಳಿಸಿದರು. ವಕೀಲೆಯೊಬ್ಬರು ಗರ್ಭಪಾತದ ಕಾಯ್ದೆಯನ್ನು ವಿವರಿಸಿದರು. ಹದಿನೆಂಟು ತುಂಬಿದವಳಾದರೆ ಅವಳ ಒಪ್ಪಿಗೆ, ಡಾಕ್ಟರ ಅಭಿಪ್ರಾಯ, ಇಷ್ಟೇ ಸಾಕು. ಗಂಡನ ಸಹಿ ಬೇಕಿಲ್ಲ ಎಂದರು.

ಪುಷ್ಪಮ್ಮ ಎದ್ದು ನಿಂತಳು. "ಇದು ಯಾವಾಗಿಂದ ಮೇಡಂ? ಮೊನ್ನೆ ಸುಪ್ರೀಂ ಕೋರ್ಟ್ ಏನೋ ಹೇಳ್ತಲ್ಲ, ಅವಾಗಿಂದನಾ?"

"ಅದು ಮದುವೆ ಆಗದವರ ವಿಷಯ ಅಮ್ಮ. ಇದು ಎಪ್ಪತ್ತೊಂದರ ಕಾಯ್ದೇಲೇ ಇದೆ."

ಪುಷ್ಪಮ್ಮ ಹುಟ್ಟಿದ್ದು ಎಪ್ಪತ್ತಮೂರರಲ್ಲಿ.

ಸಂಜೆ ಅಡುಗೆಮನೆಯಲ್ಲಿ ರಶ್ಮಿಗೆ ಎಲ್ಲವನ್ನೂ ಹೇಳಿದಳು. ರಶ್ಮಿ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು, "ಅಂದ್ರೆ ಇದು ನಿಂಗೆ ಆವಾಗ್ಲೇ ಗೊತ್ತಿದ್ರೆ, ನಾನು ಇರ್ತಿರ್ಲಿಲ್ಲ?"

"ಇರ್ತಿರ್ಲಿಲ್ಲ."

"ಈಗ ಬೇಜಾರಾ?"

"ನೀನಿರೋದಕ್ಕಲ್ಲ. ನನ್ನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ, ಅದಕ್ಕೆ." ರಶ್ಮಿಯ ಮುಂದಿದ್ದ ಹುರುಳಿಕಾಯಿಯನ್ನು ತನ್ನತ್ತ ಎಳೆದುಕೊಂಡು ಸೇರಿಸಿದಳು, "ನಾನೂ ಯಾರನ್ನೂ ಕೇಳಿಲ್ಲ ಬಿಡು."

ಮರುದಿನ ಡಾಕ್ಟರಮ್ಮನ ಮುಂದೆ ಫಾರಂ ಇಟ್ಟು ಗಂಡನ ಸಹಿಯ ಗೆರೆ ತೋರಿಸಿದಳು. ಡಾಕ್ಟರಮ್ಮ ಕನ್ನಡಕದ ಮೇಲಿಂದ ನೋಡಿದರು. "ನಂಗೆ ಗೊತ್ತಿಲ್ವಾ ಪುಷ್ಪಮ್ಮ? ಕಾನೂನು ದೆಹಲೀಲಿರುತ್ತೆ. ಗಂಡಂದಿರು ಇಲ್ಲೇ ಬಾಗಿಲಿಗೆ ಬರ್ತಾರೆ. ಇರ್ಲಿ ಬಿಡು."

ಗೆರೆ ಉಳಿಯಿತು. ಪುಷ್ಪಮ್ಮ ಮಾತ್ರ ಬಂದವರಿಗೆ ಹೇಳುವ ಮಾತು ಬದಲಿಸಿದಳು: "ನಿಮ್ಮ ಸೈನ್ ಸಾಕು, ಕಾನೂನು."

ಎರಡು ವಾರಕ್ಕೆ ವಿದ್ಯಾಶ್ರೀ ಬಂದಳು. ಇಬ್ಬರು ಮಕ್ಕಳ ತಾಯಿ. ಮತ್ತೆ ಬಸಿರು, ಎಂಟು ವಾರ. ಗಂಡ ಮಲ್ಲಿಕ್ ಸಹಿ ಹಾಕಲು ಒಲ್ಲದ್ದರಿಂದ ಮೊದಲು ಎರಡು ಸಲ ಇಲ್ಲಿಂದ ಬರಿಗೈಯಲ್ಲಿ ಹಿಂದಿರುಗಿದ್ದವಳು. ಪುಷ್ಪಮ್ಮ ಅವಳ ಕೈ ಹಿಡಿದು ನೇರ ಒಳಗೆ ಕರೆದೊಯ್ದಳು. "ಮೇಡಂ, ಇವರ ಸೈನ್ ಇದೆ. ಇಷ್ಟು ಸಾಕು."

"ಅವನು ಬಂದು ಗಲಾಟೆ ಮಾಡಿದ್ರೆ?"

"ನಾನು ಮಾತಾಡ್ತೀನಿ."

ಡಾಕ್ಟರಮ್ಮ ವಿದ್ಯಾಶ್ರೀಯ ಮುಖ ನೋಡಿ ಪರೀಕ್ಷೆಗೆ ಎದ್ದರು. ಕೆಲಸ ಸುಸೂತ್ರವಾಗಿ ಮುಗಿಯಿತು.

ನಾಲ್ಕನೇ ದಿನ ಮಲ್ಲಿಕ್ ಬಂದು ಮೇಜು ಗುದ್ದಿದ. "ನನ್ನ ಕೇಳ್ದೆ ಹೆಂಗೆ ಮಾಡಿದ್ರಿ?"

ಪುಷ್ಪಮ್ಮ ತರಬೇತಿಯಲ್ಲಿ ಕಲಿತ ಇನ್ನೊಂದು ಪಾಠವನ್ನು ಒಪ್ಪಿಸಿದಳು. "ಇಲ್ಲಿಗೆ ಯಾರು ಬಂದ್ರು, ಯಾಕೆ ಬಂದ್ರು ಅಂತ ನಾವು ಹೇಳೋ ಹಾಗಿಲ್ಲ."

"ನಾನು ಅವಳ ಗಂಡ."

"ಹಾಗಾದ್ರೆ ಅವರನ್ನೇ ಕೇಳಿ."

"ಕೇಳಿದೆ. ನಂದು ನಾನು ನೋಡ್ಕೊಂಡೆ ಅಂತಾಳೆ." ಅವನ ದನಿ ಅಲ್ಲಿಗೆ ಇಳಿಯಿತು. ಬೆಂಚಿನ ಮೇಲೆ ಕೂತ. ಕುಡಿಯಲು ನೀರು ಕೊಟ್ಟರೆ ಕುಡಿದ. ಲೋಟ ಇಡಲು ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಈಗಾದ್ರೂ ಎಲ್ಲಾದ್ರೂ ಒಂದು ಸೈನ್ ಹಾಕಿಸ್ಕೊಳ್ಳಿ ಅಮ್ಮ. ಮನೇಲಿ ನಮ್ಮಮ್ಮಂಗೆ ಏನಂತ ಹೇಳ್ಲಿ?"

ಪುಷ್ಪಮ್ಮನಿಗೆ ನಗು ಬಂತು. ಪಾಪ ಅಂತಲೂ ಅನ್ನಿಸಿತು. ಬಂದುಹೋಗುವವರು ಬರೆಯಲೆಂದು ಮೇಜಿನ ತುದಿಯಲ್ಲಿಟ್ಟಿದ್ದ ಅಭಿಪ್ರಾಯ ಪುಸ್ತಕವನ್ನು ಅವನತ್ತ ತಿರುಗಿಸಿ ಪೆನ್ನು ಕೊಟ್ಟಳು. ಮಲ್ಲಿಕ್ ಹೆಸರು, ಊರು, ಫೋನ್ ನಂಬರು ಬರೆದು, ಅಭಿಪ್ರಾಯದ ಜಾಗವನ್ನು ಖಾಲಿ ಬಿಟ್ಟು, ದಪ್ಪಗೆ ಸಹಿ ಹಾಕಿ, ಅದರಡಿ ಎರಡು ಗೆರೆ ಎಳೆದು, ಅಂಗಿ ಸರಿಮಾಡಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.