ಗಂಗಕ್ಕನ ಕಸೂತಿಗೆ ನಾನು ಹಾಕಿದ ಗಂಟು

ಗಂಗಕ್ಕಾ, ನೀವು ಕಸೂತಿ ಹಾಕಿದ ಆ ಇಳಕಲ್ ಸೀರೆಯ ಸೆರಗಿನ ಹಿಂದೆ ಗಂಟು ಹಾಕಿದವಳು ನಾನು. ಏಳು ಗಂಟು. ನಿಮ್ಮ ಕೈಯಿಂದ ಒಂದೂ ಬಿದ್ದಿರಲಿಲ್ಲ.

ಎರಡು ವರ್ಷ ಇದನ್ನು ನುಂಗಿಕೊಂಡು ಕುಳಿತೆ. ಧಾರವಾಡದ ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ಕೂತು ಐದು ಜನ ಹೆಣ್ಣುಮಕ್ಕಳ ಕಸೂತಿಯನ್ನು ಮೊಬೈಲಿನಲ್ಲಿ ಮಾರುವವಳು ನಾನು. ಅದರ ಬಗ್ಗೆ ನನಗೆ ಹೆಮ್ಮೆ ಇದೆ, ಇವತ್ತಿಗೂ ಇದೆ. ಪ್ರತಿ ಸೀರೆಯ ಫೋಟೋದ ಕೆಳಗೆ ಕಸೂತಿ ಹಾಕಿದವರ ಹೆಸರು ಬರೆಯುವ ಪದ್ಧತಿ ನನ್ನದೇ. ನಿಮ್ಮ ಹೆಸರು ಬರೆಯುವಾಗ ಎದೆ ಒಂದಿಷ್ಟು ಹೆಚ್ಚೇ ಉಬ್ಬುತ್ತಿತ್ತು. ಎಳೆ ಎಣಿಸಿ ಹಾಕಿದ ನಿಮ್ಮ ಗವಂತಿ ಕಸೂತಿ ಮುಂದೆಯೂ ಒಂದೇ, ಹಿಂದೆಯೂ ಒಂದೇ. ದಾರದ ತುದಿ ಎಲ್ಲಿ ಅಡಗಿದೆಯೆಂದು ನನಗೂ ಸಿಗುತ್ತಿರಲಿಲ್ಲ. "ಗಂಟ ಬಿತ್ತಂದ್ರ ಅದು ಕಸೂತಿ ಅಲ್ಲ ನೋಡವಾ, ಬರೇ ಹೊಲಿಗಿ," ಎಂದು ನನಗೆ ಕಲಿಸಿದವರೂ ನೀವೇ.

ಆನ್‌ಲೈನಿನಲ್ಲಿ ಎಲ್ಲ ಬಲ್ಲವರು ಬಹಳ. ಬಟ್ಟೆ ಮುಟ್ಟದೆ ನೂಲಿನ ಜಾತಿ ಹೇಳುವವರು, ಧಾರವಾಡದವಳಾದ ನನಗೇ ಕಸೂತಿಯ ಪಾಠ ಮಾಡುವವರು — ಎಲ್ಲರಿಗೂ ನಗುನಗುತ್ತಲೇ ಉತ್ತರ ಕೊಟ್ಟಿದ್ದೆ. ಆದರೆ ಆ ಒಬ್ಬ ಗಿರಾಕಿ — ಎಲ್ಲಿಯವರೋ, ಮುಖ ಕಂಡಿಲ್ಲ — ಸೆರಗಿನ ಹಿಂಬದಿಯ ಫೋಟೋ ಕೇಳಿದರು. ಕಳಿಸಿದೆ. ಉತ್ತರ ಬಂತು: "ನಾನು ಬಹಳ ನೋಡಿದ್ದೇನೆ. ಕೈಕೆಲಸವಾದರೆ ಹಿಂದೆ ಗಂಟು ಇರಲೇಬೇಕು. ಇದು ಮಷೀನಿನದು." ನಾಲ್ಕು ದಿನ ತಿಳಿಸಿ ಹೇಳಿದೆ. ಕೊನೆಗೆ ಅವರು ನನ್ನನ್ನು ಸುಳ್ಳುಗಾರ್ತಿ ಎಂದರು. ನನ್ನನ್ನು —

ಸಿಟ್ಟು ನೆತ್ತಿಗೇರಿತು. ಮಾರಾಟ ತಪ್ಪುತ್ತದೆಂಬ ಹೆದರಿಕೆಯಲ್ಲ. ಅವರನ್ನು ಒಮ್ಮೆ ಮಂಗ ಮಾಡಬೇಕೆಂಬ ಹಟ. ಆ ಸೀರೆಯ ಸೆರಗಿನ ಹಿಂದೆಯೇ ಅದೇ ಬಣ್ಣದ ದಾರದಿಂದ ಗಂಟು ಹಾಕಿ, ಇದೇ ನಮೂನೆಯ ಇನ್ನೊಂದು ಸೀರೆ ಎಂದು ಸುಳ್ಳು ಹೇಳಿ ಫೋಟೋ ಕಳಿಸಿದೆ. "ನೋಡಿ, ಇದು ಅಸಲಿ," ಎಂದು ಕೂಡಲೇ ಕೊಂಡರು. ನಾನು ಒಬ್ಬಳೇ ಕೂತು ನಕ್ಕೆ. ಅಲ್ಪವಿದ್ಯೆ ಮಹಾಗರ್ವಿ ಎಂದೆ. ಯಾರ ಬಗ್ಗೆ ಅಂದೆನೋ.

ಅವರು ಆ ಗಂಟುಗಳ ಫೋಟೋವನ್ನು ನಿಮ್ಮ ಹೆಸರಿನ ಸಮೇತ ಹಂಚಿದರು, ಮೆಚ್ಚಿಯೇ ಹಂಚಿದರು. ಅದು ಊರೆಲ್ಲ ಸುತ್ತಿ ನಿಮ್ಮ ಓಣಿಯ ಮೊಬೈಲುಗಳಿಗೂ ಬಂತು. "ಗಂಗವ್ವನ ಕಣ್ಣ ಮಂಜಾಗ್ಯಾವು," ಎಂದರು ಜನ. ನೀವು ನನ್ನ ಮೊಬೈಲನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಿರಿ. "ಖರೇ ಐತಿ. ನನಗ ಗೊತ್ತಾಗಲಾರದಂಗ ಬಿದ್ದಾವು. ಇನ್ನ ಸಾಕು ಬಿಡವಾ," ಎಂದು ಸೂಜಿ ಕೆಳಗಿಟ್ಟಿರಿ.

ಆಗಲೇ ಹೇಳಬಹುದಿತ್ತು. ಬಾಯಿಯನ್ನೂ ತೆರೆದೆ — "ವಯಸ್ಸಾತಲ್ರಿ ಅಕ್ಕಾ, ಒಂದೀಟ ವಿಶ್ರಾಂತಿ ತಗೋರಿ," ಎಂದೆ.

ನನ್ನ ಹೆಸರು ಕೆಡಬಾರದೆಂದು ನಿಮ್ಮ ಹೆಸರು ಕೆಡಿಸಿದೆ. ಇದನ್ನು ಇವತ್ತು ನಾನು ಸೀರೆ ಮಾರುವ ಅದೇ ಪುಟದಲ್ಲಿ, ನನ್ನ ಹೆಸರು ಬರೆದು ಹಾಕಿದ್ದೇನೆ. ಓಣಿಯವರೂ ಓದಲಿ, ಆ ಗಿರಾಕಿಯೂ ಓದಲಿ. ಈಗ ನಿಮ್ಮ ಮನೆಗೆ ಹೊರಟಿದ್ದೇನೆ, ನಿಮ್ಮೆದುರು ಕೂತು ಓದಿ ಹೇಳಲು. ಕ್ಷಮಿಸಿ ಎಂದು ಕೇಳುವುದಿಲ್ಲ. ನಿಮ್ಮಂಥ ಕೈ ಧಾರವಾಡದಲ್ಲಿ ಇನ್ನೊಂದಿಲ್ಲ, ಗಂಗಕ್ಕಾ. ಅದು ನನಗೆ ಆ ಎರಡೂ ವರ್ಷ ಗೊತ್ತಿತ್ತು, ನಿಮಗೇ ಗೊತ್ತಿರಲಿಲ್ಲ.