ಎಲ್ಲಾ ಆತು

ಹೆಬಳೆಯ ಪರಮೇಶ್ವರಿ ಸುಳ್ಳು ಹೇಳುವ ಹೆಂಗಸಲ್ಲ. ಹಾಗಂತ ಸತ್ತವರನ್ನು ಸತ್ತರು ಎಂದು ಹೇಳುವವಳೂ ಅಲ್ಲ. ಈ ಎರಡರ ನಡುವೆ ಒಂದು ಸಣ್ಣ ಓಣಿ ಇದೆ. ಇಪ್ಪತ್ತೆಂಟು ವರ್ಷಗಳಿಂದ ಅವಳು ಆ ಓಣಿಯಲ್ಲೇ ಓಡಾಡಿ ಊರಿನ ಅರ್ಧ ದುಃಖವನ್ನು ದಾಟಿಸಿದ್ದಾಳೆ.

ಈಗ ಜೆರಾಕ್ಸ್ ಮತ್ತು ರೀಚಾರ್ಜ್ ಅಂಗಡಿಯಾಗಿರುವ ಅವಳ ಹತ್ತಡಿ ಕೋಣೆ ಮೊದಲು ಎಸ್‌ಟಿಡಿ ಬೂತಾಗಿತ್ತು. ಮುಂಬಯಿಯ ಹೋಟೆಲಿನಲ್ಲಿದ್ದ ಮಗನಿಗೆ, ದುಬೈಯ ಅಂಗಡಿಯಲ್ಲಿದ್ದ ಗಂಡನಿಗೆ ಸುದ್ದಿ ಹೋಗಬೇಕಾದರೆ ಅಲ್ಲಿಂದಲೇ ಹೋಗಬೇಕಿತ್ತು. ಇವತ್ತು ಎಲ್ಲರ ಕಿಸೆಯಲ್ಲೂ ಮೊಬೈಲು ಬಂದಿದೆ, ಬೂತಿನ ಹಳದಿ ಬೋರ್ಡು ಕೋಳಿಗೂಡಿನ ಬಾಗಿಲಾಗಿದೆ. ಆದರೂ ಕೆಟ್ಟ ಸುದ್ದಿ ಇದ್ದರೆ ಜನ ಮೊಬೈಲನ್ನು ಕೈಯಲ್ಲಿ ಹಿಡಿದುಕೊಂಡೇ ಅವಳ ಅಂಗಡಿಗೆ ಬರುತ್ತಾರೆ. "ಪರಮಕ್ಕಾ, ನಮ್ಗೆ ಬಾಯಿ ಬರೂದಿಲ್ಲ. ನೀನೇ ಒಂದು ಮಾತು ಹೇಳು."

ಅವಳಿಗೂ ಈ ವಿದ್ಯೆ ಹುಟ್ಟುತ್ತಲೇ ಬಂದದ್ದಲ್ಲ. ಬೂತು ಹಾಕಿದ ಮೊದಲ ವರ್ಷ ಮುಂಬಯಿಯಲ್ಲಿದ್ದ ಒಬ್ಬನಿಗೆ, "ನಿಮ್ಮಪ್ಪ ಬೆಳಿಗ್ಗೆ ತೀರ್ಕಂಡ್ರು" ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಿದ್ದಳು. ಆಮೇಲೆ ಬೂತಿನ ಮೀಟರು ಮಾತ್ರ ಓಡುತ್ತಿತ್ತು. ಕಾರ್ಯವೆಲ್ಲ ಮುಗಿದ ಮೇಲೆ ಅವನು ಬೂತಿನ ಎದುರು ಬಂದು ನಿಂತು, ಸಿಟ್ಟಿಲ್ಲದೆಯೇ ಹೇಳಿದ: "ಅಕ್ಕಾ, ಹುಷಾರಿಲ್ಲ ಅಂದಿದ್ರೆ ಸಾಕಿತ್ತು. ಅಲ್ಲಿಂದ ಇಲ್ಲಿವರೆಗೆ ಬಸ್ಸಲ್ಲಿ ಅಪ್ಪನ ಹೆಣ ಮಡ್ಲಲ್ಲಿ ಇಟ್ಕಂಡು ಬಂದಂಗಾತು."

ಅಂದಿನಿಂದ ಅವಳು ಮಾತನ್ನು ಅಳೆದು ಕೊಡತೊಡಗಿದಳು. ಹೊಸ ಮಾತೇನನ್ನೂ ಅವಳು ಹುಟ್ಟಿಸಲಿಲ್ಲ, ಜನರ ಬಾಯಲ್ಲಿ ಇದ್ದದ್ದನ್ನೇ ಸಾಲಾಗಿ ಜೋಡಿಸಿಕೊಂಡಳು ಅಷ್ಟೆ. "ಹುಷಾರಿಲ್ಲ" ಎಂದರೆ ಜ್ವರ. "ಜೋರು ಅದೆ" ಎಂದರೆ ಆಸ್ಪತ್ರೆ. "ಸ್ವಲ್ಪ ಸೀರಿಯಸ್, ಒಂದ್ಸಲ ಬಂದು ಹೋಗಿ" ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಹೇಳುವವಳಿಗೂ ಗೊತ್ತು, ಕೇಳುವವನಿಗೂ ಗೊತ್ತು. ಆದರೆ ಗೊತ್ತಾದದ್ದನ್ನು ಒಪ್ಪಿಕೊಳ್ಳಲು ಮನೆ ಬಾಗಿಲವರೆಗೆ ಪುರುಸೊತ್ತು ಸಿಗುತ್ತದೆ. ಪಕ್ಕದ ಮನೆಯ ಮಾಸ್ತಮ್ಮನದು ಬಿಡುಬೀಸಾದ ಬಾಯಿ. ಅವಳು ಇದನ್ನೇ ಆಡಿಕೊಳ್ಳುತ್ತಾಳೆ: "ಪರಮಕ್ಕ ಹುಷಾರಿಲ್ಲ ಅಂದ್ರೆ ಕಷಾಯ ಕಾಸು, ಜೋರು ಅದೆ ಅಂದ್ರೆ ರಿಕ್ಷಾ ಕರಿ, ಸ್ವಲ್ಪ ಸೀರಿಯಸ್ ಅಂದ್ರೆ ಕಟ್ಟಿಗೆ ಒಡಿ."

ಊರಿಗೆ ಉಪಕಾರ ಮಾಡಿದ ಈ ಜಾಣತನವನ್ನು ಪರಮೇಶ್ವರಿ ಒಬ್ಬನ ಮೇಲೆ ಮಾತ್ರ ಸೇಡಿಗೆ ಬಳಸಿದಳು. ಅವನು ಅವಳ ಒಬ್ಬನೇ ತಮ್ಮ ಗಣಪ. ಕುಮಟೆಯಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡವನು. ಮೂರು ವರ್ಷಗಳ ಹಿಂದೆ ಹೊಸ ಮನೆಯ ಪ್ರವೇಶದ ಒಕ್ಕಲಿಗೆ ಅವನು ಊರೆಲ್ಲ ತಿರುಗಿ ಮನೆಮನೆಗೆ ಹೋಗಿ ಕರೆದ. ಅಕ್ಕನಿಗೆ ಮಾತ್ರ ಫೋನಿನಲ್ಲಿ ಹೇಳಿದ. "ನಿನ್ನ ಬೇರೆ ಮನೆಗೆ ಬಂದು ಕರೀಬೇಕಾ?" ಅವನ ಮಟ್ಟಿಗೆ ಅದು ಸಲಿಗೆ, ಇವಳ ಮಟ್ಟಿಗೆ ಅವಮಾನ. ಒಕ್ಕಲಿಗೆ ಹೋಗಿ ಉಂಡು ಬಂದವಳು ಮತ್ತೆ ಅವನ ಹೊಸ್ತಿಲು ತುಳಿಯಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ. ಪ್ರತಿ ವರ್ಷ ಚೌತಿಗೆ ಅವನು ಕರೆದಾಗ "ನೋಡ್ವ" ಎಂದಳು. ನಮ್ಮ ಕಡೆಯ "ನೋಡ್ವ" ಎಷ್ಟು ಗಟ್ಟಿಯಾದ "ಇಲ್ಲ" ಎಂಬುದು ಹೆಣ್ಣು ಕೇಳಲು ಹೋಗಿ ಬಂದವರಿಗೆ ಗೊತ್ತು.

"ಅಕ್ಕಾ, ನಿನ್ನ ನೋಡ್ವ ನಂಗೆ ಗೊತ್ತದೆ. ಬತ್ತೆ ಅನ್ನು, ಇಲ್ಲಾ ಬರೂದಿಲ್ಲ ಅನ್ನು," ಎಂದು ಹೋದ ವರ್ಷ ಅವನು ಗೋಗರೆದಿದ್ದ.

"ನೋಡ್ವ ಅಂದೆ ಅಲ್ದಾ," ಎಂದು ಇವಳು ಫೋನಿಟ್ಟಿದ್ದಳು.

ಈ ಶ್ರಾವಣದಲ್ಲಿ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ, ಅಂಗಡಿಯ ಶಟರನ್ನು ಇನ್ನೂ ಅರ್ಧ ಎತ್ತಿದ್ದಾಗ ಫೋನು ಬಂತು. ಗಣಪನ ಮಗಳು ವಿನುತಾ.

"ಅತ್ತೆ, ಆಸ್ಪತ್ರೆಯಿಂದ ಮಾತಾಡೂದು. ಅಪ್ಪಂಗೆ ಸ್ವಲ್ಪ ಸೀರಿಯಸ್ ಆಗಿತ್ತು. ನೀವು ಒಂದ್ಸಲ ಬಂದು ಹೋಗಿ."

ಪರಮೇಶ್ವರಿಯ ಕೈ ಶಟರಿನ ಮೇಲೆಯೇ ನಿಂತಿತು. ತನ್ನ ಅಂಗಡಿಯ ಸರಕು ತನ್ನ ಮನೆಗೇ ಬಂದಿತ್ತು.

"ಎಂತ ಆತು ವಿನುತಾ?"

"ಎಲ್ಲಾ ಆತು ಅತ್ತೆ. ನಾಲ್ಕು ಗಂಟೆಗೇ ಆತು. ನೀವು ಗಡಿಬಿಡಿ ಮಾಡ್ಬೇಡಿ, ಸಾವಕಾಶ ಬನ್ನಿ. ಡಾಕ್ಟ್ರು ಇವತ್ತು ಮನೆಗೆ ಕಳಿಸೂದಿಲ್ಲ ಅಂದ್ರು..." ಅಷ್ಟರಲ್ಲಿ ಲೈನು ಕಡಿಯಿತು.

ಆತು ಎಂಬ ಮಾತನ್ನು ನಾವು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತೇವೆ. ಊಟವೂ ಆತು, ಮದುವೆಯೂ ಆತು, ಯಾರಾದರೂ ಏನಾದರೂ ಹೇಳಿದರೆ ಅದಕ್ಕೂ "ಹೂಂ, ಆತು". ಇಷ್ಟೊಂದು ಅರ್ಥಗಳಲ್ಲಿ ಪರಮೇಶ್ವರಿಯ ಹೆದರಿದ ಮನಸ್ಸು ಅತ್ಯಂತ ಕೆಟ್ಟದ್ದನ್ನೇ ಆರಿಸಿಕೊಂಡಿತು. ತಿರುಗಿ ಫೋನು ಮಾಡಿ ಕೇಳಬಹುದಿತ್ತು. ಎರಡು ಸಲ ನಂಬರು ಒತ್ತಲು ಹೋದಳು. ಆದರೆ ಏನೆಂದು ಕೇಳುವುದು? ಬಾಯಿಬಿಟ್ಟು ಕೇಳಿದರೆ ಆ ಹುಡುಗಿ ಬಾಯಿಬಿಟ್ಟು ಹೇಳಿಬಿಟ್ಟರೆ? ಫೋನನ್ನು ಸೆರಗಿನಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮಾಸ್ತಮ್ಮ ಓಡಿ ಬಂದಳು. "ಎಂತಾತು" ಎಂದಳು. "ಗಣಪಂಗೆ ಸ್ವಲ್ಪ ಸೀರಿಯಸ್ ಅಂತೆ" ಎಂದು ಪರಮೇಶ್ವರಿ ಹೇಳಿದ್ದೇ ತಡ, ಬಿಡುಬೀಸು ಬಾಯಿಯ ಮಾಸ್ತಮ್ಮ ಮಾತೇ ಆಡದೆ ಸೀರೆ ಬದಲಿಸಿ ಬಂದು ಜೊತೆಗೆ ನಿಂತಳು. ಇಂಥ ದಾರಿಗೆ ಒಬ್ಬರನ್ನೇ ಕಳಿಸಬಾರದು ಎಂಬುದೂ ಪರಮಕ್ಕನೇ ಊರಿಗೆ ಕಲಿಸಿದ್ದು.

ಭಟ್ಕಳದಲ್ಲಿ ಬಸ್ಸು ಹತ್ತುವ ಮೊದಲು ಮಾಸ್ತಮ್ಮ ಮೆಲ್ಲಗೆ, "ಅಕ್ಕನ ಕೈಯಿಂದ ಒಂದು ಪಂಚೆ ಹೋಗ್ಬೇಕಲ್ಲೇ" ಎಂದಳು. ಬಟ್ಟೆ ಅಂಗಡಿಯವನು ಆಗಷ್ಟೇ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚುತ್ತಿದ್ದ. ಎಂತಕ್ಕೆ ಎಂದು ಕೇಳಿದ. "ಒಂದು ಕೆಲ್ಸ ಅದೆ" ಎಂದಳು ಮಾಸ್ತಮ್ಮ. ಅವನು ಮತ್ತೆ ಕೇಳಲಿಲ್ಲ. ಕೆಳಗಿನ ಖಾನೆಯಿಂದ, ಹೆಣಕ್ಕೆ ಹೊದಿಸುವಂಥ ಅಂಚಿಲ್ಲದ ಬಿಳಿ ಪಂಚೆ ತೆಗೆದು ಕಾಗದದಲ್ಲಿ ಸುತ್ತಿ ಕೊಟ್ಟ. ಮತ್ತೆ ಬನ್ನಿ ಎಂದೂ ಅನ್ನಲಿಲ್ಲ. ಸಾವಿನ ಮನೆಯಿಂದ ಏಳುವವರು "ಬತ್ತೆ" ಎನ್ನದೆ ಸುಮ್ಮನೆ ಎದ್ದು ಹೋಗುತ್ತಾರಲ್ಲ, ಆ ಮರ್ಯಾದೆ ಅವನಿಗೂ ಗೊತ್ತಿತ್ತು.

ಬಸ್ಸು ಮುರ್ಡೇಶ್ವರದ ಕ್ರಾಸು ದಾಟಿತು. ಮನೆಗೆ ಇವತ್ತು ಕಳಿಸುವುದಿಲ್ಲ ಎಂದರೆ ಪೋಸ್ಟ್‌ಮಾರ್ಟಮ್ಮೇ ಇರಬೇಕು. ಶೆಡ್ಡಿನಲ್ಲಿ ಕರೆಂಟು ಹೊಡೆಯಿತೋ ಏನೋ. ಅಥವಾ ಹಾಗಲ್ಲದೆಯೂ ಇರಬಹುದು. ಆಗಿತ್ತು ಎಂದಳೋ, ಆಗಿದೆ ಎಂದಳೋ? ಇಡಗುಂಜಿಯ ಕ್ರಾಸಿನಲ್ಲಿ ಗಣಪತಿಗೆ ಕೈ ಮುಗಿದಳು. ಏನು ಬೇಡಬೇಕೆಂದು ತಿಳಿಯಲಿಲ್ಲ. ಹೋದವನನ್ನು ತಿರುಗಿ ಕೊಡು ಎಂದು ದೇವರನ್ನು ಕಟ್ಟಿಹಾಕಲಾದೀತೇ? ಇದ್ದರೆ ಉಳಿಸು ಎಂದರೆ ಇಲ್ಲದಿರಬಹುದು ಎಂದು ತಾನೇ ಒಪ್ಪಿಕೊಂಡ ಹಾಗೆ. "ನೀನೇ ನೋಡ್ಕ ತಂದೆ" ಎಂದಳು. ಹಾಗೆಂದರೆ ಏನೆಂದು ಅವನೇ ತಿಳಿದುಕೊಳ್ಳಲಿ.

ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ತಾನು ಜನರ ಕೈಗೆ ಕೊಟ್ಟು ಕಳಿಸಿದ್ದು ಇದನ್ನೇ, ಈ "ಇರಬಹುದು" ಎಂಬ ಸಣ್ಣ ಸಂದನ್ನೇ. ಇದು ಕರುಣೆಯೋ ಶಿಕ್ಷೆಯೋ ಅವಳಿಗೆ ಹೇಳಲಾಗದು. ಆದರೆ ಆ ಹೊತ್ತಿನಲ್ಲಿ ಯಾರಾದರೂ ಅದನ್ನು ಕಿತ್ತುಕೊಳ್ಳಲು ಬಂದಿದ್ದರೆ ಅವರ ಕೈ ಕಚ್ಚಿಬಿಡುತ್ತಿದ್ದಳು. ಅದರ ಬೆನ್ನಿಗೇ ಇನ್ನೊಂದು ನೆನಪು ಬಂತು. ಮೂರು ವರ್ಷ, ಮೂರು "ನೋಡ್ವ". ಒಂದು ಸಲ ಬತ್ತೆ ಎಂದಿದ್ದರೆ ಗಂಟೇನು ಹೋಗುತ್ತಿತ್ತು? ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಮಾಸ್ತಮ್ಮ, "ದೇವರಿದ್ದಾನೆ" ಎಂದಳು. ಅದೂ ಅಂಥದೇ ಮಾತು.

ಕುಮಟೆಯ ಆಸ್ಪತ್ರೆಯ ಬಾಗಿಲಲ್ಲಿ ವಿನುತಾ ಔಷಧಿಯ ಚೀಟಿ ಹಿಡಿದು ನಿಂತಿದ್ದಳು. ಅವಳನ್ನು ನೋಡಿದ್ದೇ ಪರಮೇಶ್ವರಿ, "ಅಯ್ಯೋ ನನ್ನ ಮಗಳೇ" ಎಂದು ತಬ್ಬಿಕೊಂಡು ಗೊಳೋ ಎಂದಳು.

"ಎಂತಕ್ಕೆ ಅಳೂದು ಅತ್ತೆ? ಮೇಲೆ ಬನ್ನಿ, ಆಗಿಂದ ನಿಮ್ಮನ್ನೇ ಕೇಳ್ತಾ ಇದ್ರು."

"ಯಾರು?"

"ಅಪ್ಪ."

ಪರಮೇಶ್ವರಿ ಮೆಟ್ಟಿಲ ಮೇಲೆ ಕೂತಳು. ಎದೆಯ ಮೇಲಿದ್ದ ಅರೆಯುವ ಕಲ್ಲನ್ನು ಯಾರೋ ಎತ್ತಿ ಬದಿಗಿಟ್ಟ ಹಾಗಾಯಿತು. ಅಳುವೇ ನಿಲ್ಲಲಿಲ್ಲ, ಆದರೆ ಅಳುವಿನ ಬಣ್ಣ ಬೇರೆಯಾಯಿತು. ನಗುವೂ ಬಂತು, ಸಿಟ್ಟೂ ಬಂತು. "ಎಲ್ಲಾ ಆತು ಅಂದ್ಯಲ್ಲೇ ಹಾಳಾದವಳೇ!"

"ಆಪರೇಷನ್ ಎಲ್ಲಾ ಆತು ಅಂದೆ ಅತ್ತೆ. ಅಪೆಂಡಿಕ್ಸ್ ಒಡೆದುಹೋಗಿತ್ತು. ಡಾಕ್ಟ್ರು ಸ್ವಲ್ಪ ಸೀರಿಯಸ್ ಆಗಿತ್ತು ಅಂದ್ರು, ನಾ ಅದನ್ನೇ ಹೇಳ್ದೆ. ಮತ್ತೆಂತ ಹೇಳೂದು?"

ಹುಡುಗಿ ಇದ್ದದ್ದನ್ನು ಇದ್ದ ಹಾಗೆಯೇ ಹೇಳಿದ್ದಳು. ಆ ಮಾತನ್ನು ಇಪ್ಪತ್ತೆಂಟು ವರ್ಷ ಬೇರೆ ಕೆಲಸಕ್ಕೆ ಹಚ್ಚಿ ಸವೆಸಿಟ್ಟವಳು ಪರಮೇಶ್ವರಿ. ಮಾಸ್ತಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಕುಲುಕುತ್ತಿತ್ತು.

ಮೇಲೆ ಗಣಪ ಹೊಟ್ಟೆಗೆ ಪಟ್ಟಿ, ಕೈಗೆ ಗ್ಲೂಕೋಸು ಹಾಕಿಸಿಕೊಂಡು ಮಲಗಿದ್ದ. ಅಕ್ಕನನ್ನು ನೋಡಿದವನೇ ದೂರು ಸುರುಮಾಡಿದ. "ಬಾಯಿ ಒಣಗಿ ಹೋತು ಅಕ್ಕಾ, ಒಂದು ಚಮಚ ಚಾ ಕೊಡೂದಿಲ್ಲ ಈ ಜನ." ಪರಮೇಶ್ವರಿ ಅವನ ಕಾಲು ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಮತ್ತೊಮ್ಮೆ ಮುಟ್ಟಿದಳು.

"ಚೀಲದಲ್ಲಿ ಎಂತ ತಂದಿದ್ದೆ?"

ಮಾಸ್ತಮ್ಮ ಚೀಲವನ್ನು ಬೆನ್ನ ಹಿಂದೆ ಸರಿಸಿದಳು. ಆದರೆ ಕಾಗದದ ಮೂಲೆ ಹರಿದು ಬಿಳಿ ಬಟ್ಟೆ ಆಗಲೇ ಕಾಣುತ್ತಿತ್ತು. ಊರಿಗೆಲ್ಲ ಮಾತು ಹೊಂದಿಸಿ ಕೊಟ್ಟ ಪರಮೇಶ್ವರಿ ಚೀಲದಿಂದ ಪಂಚೆ ತೆಗೆದು ಅವನ ಕೈಗಿಟ್ಟಳು.

"ನಿಂಗೆ ಒಂದು ಪಂಚೆ," ಎಂದಳು. "ಚೌತಿಗೆ ಉಡ್ಲಿಕ್ಕೆ ಅಂತ."

ಗಣಪ ಪಂಚೆಯನ್ನು ಎದೆಯ ಮೇಲೆ ಇಟ್ಟುಕೊಂಡು ಅದರ ತುದಿಯ ಉದ್ದಕ್ಕೂ ಹೆಬ್ಬೆರಳು ಎಳೆದ. ಎಲ್ಲೂ ಅಂಚು ಸಿಗಲಿಲ್ಲ. ಅವನೂ ನಾಲ್ಕು ಮಂದಿಗೆ ಹೆಗಲು ಕೊಟ್ಟವನೇ. ಅಕ್ಕನ ಊದಿದ ಕಣ್ಣು ನೋಡಿದ, ಅತ್ತ ಮುಖ ತಿರುಗಿಸಿದ ಮಾಸ್ತಮ್ಮನನ್ನು ನೋಡಿದ.

"ಅಂಚಿಂದು ಸಿಗ್ಲಿಲ್ವಾ ಅಕ್ಕಾ?"

"ಗಡಿಬಿಡಿಲಿ ನೋಡ್ಲಿಲ್ಲ."

"ಅಡ್ಡಿಲ್ಲ. ಉಟ್ರೆ ಆತು." ಅವನು ಪಂಚೆಯನ್ನು ದಿಂಬಿನ ಕೆಳಗೆ ಇಟ್ಟುಕೊಂಡ. ಆಮೇಲೆ ಕೇಳಿದ, "ಚೌತಿಗೆ ಉಡ್ತೆ. ಆದ್ರೆ ತಂದವಳು ನೋಡೂದು ಬೇಡ್ವಾ? ಬತ್ಯಾ?"

"ನೋ..." ಎಂದು ನಾಲಿಗೆ ಹಳೆಯ ಜಾಡಿಗೇ ಹೊರಳಿತು. ಪರಮೇಶ್ವರಿ ಅದನ್ನು ಅಲ್ಲೇ ಕಚ್ಚಿ ನಿಲ್ಲಿಸಿದಳು.

ಅಷ್ಟರಲ್ಲಿ ನರ್ಸು ಬಂದು, ನೋಡಲು ಬಂದವರು ಹೊರಗೆ ಹೋಗಬೇಕು ಎಂದಳು. ಮಾಸ್ತಮ್ಮ ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಪರಮೇಶ್ವರಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಬತ್ತೆ," ಎಂದಳು, ವಾರ್ಡಿನವರೆಲ್ಲ ತಿರುಗಿ ನೋಡುವಷ್ಟು ದೊಡ್ಡದಾಗಿ.

ಗಣಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇದು ಹೊರಡೂ ಬತ್ತೆಯೋ, ಚೌತಿ ಬತ್ತೆಯೋ?"

"ಚೌತಿದು," ಎಂದು ಪರಮೇಶ್ವರಿ ಸ್ಟೂಲು ಎಳೆದುಕೊಂಡು ಮತ್ತೆ ಕೂತಳು. "ಹೊರಡ್ಲಿಕ್ಕೆ ಸಂಜೆಗೆ ಬಸ್ಸದೆ."