ಮುರಿಗೆಪ್ಪ ಹಾಕಿಸಿಕೊಳ್ಳದ ಸೂಜಿ

ಮೂಡಲಗಿಯ ಮುರಿಗೆಪ್ಪನಿಗೆ ಹೊಲವಿತ್ತು, ಎತ್ತುಗಳಿದ್ದವು. ಆದರೂ ಸಂತೆ ಬಂತೆಂದರೆ ಮನೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಹರೆಯದಲ್ಲಿ ಬೆಳಗಾವಿಯ ಹಲ್ಲಿನ ವೈದ್ಯರೊಬ್ಬರ ಹತ್ತಿರ ಚಾಕರಿಗಿದ್ದು ಹಲ್ಲು ಕೀಳುವುದನ್ನು ಕಲಿತು ಬಂದಿದ್ದ. ಮೂಡಲಗಿ, ಗೋಕಾಕ, ಹುಕ್ಕೇರಿ, ಮೂರೂ ಸಂತೆಗಳಲ್ಲಿ ಕಂಬಳಿ ಹಾಸಿ ಕೂತರೆ ಅವನ ಮುಂದೆ ಮಕ್ಕಳನ್ನು ಎಳೆದುಕೊಂಡು ಬಂದ ತಾಯಂದಿರದೇ ಗದ್ದಲ. ಲವಂಗದೆಣ್ಣೆಯಲ್ಲಿ ಅದ್ದಿದ ಅರಳೆಯನ್ನು ವಸಡಿಗಿಟ್ಟು, ಮಗುವಿನ ತಲೆಯನ್ನು ತನ್ನ ಮೊಣಕಾಲುಗಳ ನಡುವೆ ಅಮುಕಿ, ಕಾಲು ಹಿಡಿಯಲು ತಾಯಿಗೆ ಹೇಳಿ ಇಕ್ಕಳ ಹಾಕುತ್ತಿದ್ದ. ಮಗು ಊರು ಹಾರಿಹೋಗುವಂತೆ ಕಿರುಚಿದರೆ ಅದು ನೋವಲ್ಲ, ಹಟ ಎನ್ನುತ್ತಿದ್ದ. ತಾಯಂದಿರೂ ನಂಬುತ್ತಿದ್ದರು, ಪಾಪ.

ಅವನದೊಂದು ನೇಮವಿತ್ತು. ತನ್ನ ಬಾಯಿಗೆ ಹಾಕಿಕೊಳ್ಳದ ಔಷಧವನ್ನು ಕೂಸಿನ ಬಾಯಿಗೆ ಹಾಕುವವನಲ್ಲ. ಲವಂಗದೆಣ್ಣೆಯಿಂದ ನಾಲಿಗೆ ಸುಟ್ಟುಕೊಂಡು ನೋಡಿದ್ದ. ಗಾಜಿನ ನಳಿಗೆಯಿಂದ ಚಿಮ್ಮುವ ಥಂಡಿ ಔಷಧವನ್ನೂ ವಸಡಿಗೆ ಹೊಡೆಸಿಕೊಂಡಿದ್ದ; ವಸಡು ಬೆಳ್ಳಗಾಗಿ ಮರಗಟ್ಟಿತಾದರೂ ಪಕ್ಕದ ಹಲ್ಲುಗಳು ಝುಂ ಎಂದು ಕಣ್ಣಲ್ಲಿ ನೀರು ಬಂದು, ಅದು ಮಕ್ಕಳಿಗೆ ಬೇಡವೆಂದು ಅಲ್ಲಿಗೇ ಬಿಟ್ಟ. ವಸಡಿಗೆ ಜೋಮು ಹಿಡಿಸುವ ಸೂಜಿಯ ಮಾತು ಬಂದರೆ ಮಾತ್ರ, ಮಕ್ಕಳು ಸೂಜಿ ಕಂಡರೆ ಹೆದರುತ್ತವೆ, ನಮ್ಮ ಲವಂಗವೇ ಲೇಸು ಎಂದು ಮಾತು ಮುಗಿಸುತ್ತಿದ್ದ. ಈ ನೇಮವನ್ನು ಸಂತೆಯಲ್ಲೂ ಹೇಳುತ್ತಿದ್ದ, ಮೊಮ್ಮಗಳಿಗೂ ಹೇಳುತ್ತಿದ್ದ.

ಮೊಮ್ಮಗಳ ಹೆಸರು ಅಲ್ಲವ್ವ; ಹುಕ್ಕೇರಿಗೆ ಕೊಟ್ಟ ಮಗಳು ಪಾರವ್ವನ ಕೂಸು. ಅಜ್ಜ ಹುಕ್ಕೇರಿ ಸಂತೆಗೆ ಬಂದಾಗಲೆಲ್ಲ ಅವನ ತೊಡೆಯೇರಿ ಕೂರುತ್ತಿದ್ದ ಹುಡುಗಿ. ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯ ಸುಗ್ಗಿಯಲ್ಲಿ ಅವಳ ದವಡೆ ಹಲ್ಲೊಂದು ಹುಳುಕಾಗಿ ನೋಯತೊಡಗಿತು. ಹಲ್ಲು ಕೀಳುವ ಅಜ್ಜನೇ ಇರುವಾಗ ಇನ್ಯಾರನ್ನು ಕೇಳುವುದು? ಮುರಿಗೆಪ್ಪ ಅರಳೆಯಿಟ್ಟ, ತಲೆ ಅಮುಕಿದ, ಇಕ್ಕಳ ಹಾಕಿದ. ಹುಡುಗಿ ಕೊಸರಿದ ರಭಸಕ್ಕೆ ಹಲ್ಲು ಮುರಿದು ಬೇರು ಒಳಗೇ ಉಳಿಯಿತು.

ಅಂದಿನಿಂದ ಅಲ್ಲವ್ವ ಅಜ್ಜನನ್ನು ಕಂಡರೆ ತಾಯಿಯ ಸೀರೆಯ ಹಿಂದೆ ಅಡಗತೊಡಗಿದಳು. ಬೆಲ್ಲ ಕೊಟ್ಟರೂ ಬರಲಿಲ್ಲ. ಅಷ್ಟರಲ್ಲಿ ಕೆನ್ನೆ ಬಾತು, ಗಂಜಿ ಕೂಡ ಇಳಿಯದಾಯಿತು. ಬೇರು ತೆಗೆಯದಿದ್ದರೆ ಕೀವು ಗಂಟಲಿಗಿಳಿದು ಮಗುವಿನ ಜೀವಕ್ಕೇ ಬಂದೀತೆಂದು ಮುರಿಗೆಪ್ಪನಿಗೆ ಗೊತ್ತಿತ್ತು. ತನ್ನ ಕೈಯಿಂದ ಆಗದ ಕೆಲಸವೆಂದು ಒಪ್ಪಿಕೊಳ್ಳಲು ಅವನಿಗೆ ಬಹಳ ಕಷ್ಟವಾಯಿತು. ಆದರೂ ಪಾರವ್ವನನ್ನೂ ಅಲ್ಲವ್ವನನ್ನೂ ಕರೆದುಕೊಂಡು ಗೋಕಾಕದ ಭೀಮರಾಯ ಡಾಕ್ಟರ ಹತ್ತಿರ ಹೋದ.

ಡಾಕ್ಟರು ಬಾವು ನೋಡಿದರು. ಲವಂಗದೆಣ್ಣೆ ಮೇಲಿನ ತೊಗಲಿಗಷ್ಟೇ, ಥಂಡಿ ಔಷಧದ ಗುಣ ಗಳಿಗೆಯ ಮಟ್ಟಿಗೆ, ಬೇರಿನ ತನಕ ಜೋಮು ಹಿಡಿಸುವುದು ಸೂಜಿಯೊಂದೇ ಎಂದು ಮೆಲ್ಲಗೆ ತಿಳಿಸಿ ಹೇಳಿದರು. ಬಾವಿನಿಂದ ದೂರ, ದವಡೆಯ ಹಿಂದೆ ಚುಚ್ಚುತ್ತೇನೆ ಎಂದರು. ಸೂಜಿ ಕಂಡದ್ದೇ ಅಲ್ಲವ್ವ ಬಾಯಿ ಬಿಗಿದಳು. ಮುರಿಗೆಪ್ಪ ರೂಢಿಯಂತೆ ತಲೆ ಹಿಡಿಯಲು ಮುಂದಾದ. ಡಾಕ್ಟರು ಬೇಡವೆಂದು ಕೈಸನ್ನೆ ಮಾಡಿದರು. ಆಗ ಹುಡುಗಿ ಹಲ್ಲು ಕಚ್ಚಿಕೊಂಡೇ ಕೇಳಿದಳು:

"ಅಜ್ಜಾ, ಇದನ್ನ ನೀ ಹಾಕಿಸ್ಕೊಂಡೀಯೇನ?"

"ಇಲ್ಲವ್ವಾ."

"ಯಾಕ?"

ಮುರಿಗೆಪ್ಪನ ಬಳಿ ಉತ್ತರಗಳಿಗೇನೂ ಬರವಿರಲಿಲ್ಲ. ಸಂತೆಯಲ್ಲಿ ಹೇಳುವ ಮಾತುಗಳೆಲ್ಲ ಬಾಯಿಗೆ ಬಂದವು. ಆದರೆ ಬಾತ ಕೆನ್ನೆಯ ಮೇಲಿನ ಆ ಎರಡು ಕಣ್ಣುಗಳ ಎದುರು ಒಂದೂ ಹೊರಗೆ ಬೀಳಲಿಲ್ಲ.

"ನನಗ ಅಂಜಿಕಿ ಬರ್ತೈತವ್ವಾ," ಎಂದ.

ಹೇಳಿದ ಮೇಲೆ ಮೈ ಹಗುರಾಯಿತು. ಮಕ್ಕಳು ಹೆದರುತ್ತವೆಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದು ತನ್ನದೇ ಹೆದರಿಕೆ! ತಲೆಗೆ ಸುತ್ತಿದ ಪಟಗ ತೆಗೆದು ಪಕ್ಕಕ್ಕಿಟ್ಟು, ಕುರ್ಚಿಯೇರಿ, ತನಗೂ ಹಾಕಿರೆಂದು ಡಾಕ್ಟರಿಗೆ ಕೈಮುಗಿದ. ಡಾಕ್ಟರು ನಗಲಿಲ್ಲ. ಹುಡುಗಿಯ ಮುಖ ನೋಡಿ, ಚೂರೇ ಚೂರು ಔಷಧವನ್ನು ಅವನ ದವಡೆಗೆ ಚುಚ್ಚಿದರು. ಮುರಿಗೆಪ್ಪ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ತುಸು ಹೊತ್ತಿನಲ್ಲಿ ಅರ್ಧ ತುಟಿ ಜೋಲುಬಿದ್ದು ಜೊಲ್ಲು ಸುರಿಯತೊಡಗಿತು. ನೋವಾಯಿತೇ ಎಂದು ಅಲ್ಲವ್ವ ಕೇಳಿದಾಗ, ಚುಚ್ಚುವಾಗ ಹೌದು, ಈಗ ಏನೂ ಇಲ್ಲ ಎಂದು ತೊದಲುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹುಡುಗಿ ಕಿಸಕ್ಕನೆ ನಕ್ಕು, ತಾನೂ ಕುರ್ಚಿಯೇರಿ ಬಾಯಿ ತೆರೆದಳು.

ಚುಚ್ಚಿದಾಗ ಒಮ್ಮೆ ಮುಲುಗಿದಳು, ಅಷ್ಟೇ. ಬೇರು ಹೊರಬಂದದ್ದು ಅವಳಿಗೆ ತಿಳಿಯಲೇ ಇಲ್ಲ. ಕಾಲು ಹಿಡಿಯಲೆಂದು ಸಿದ್ಧವಾಗಿದ್ದ ಪಾರವ್ವ ಕೈ ಕಟ್ಟಿಕೊಂಡು ನಿಂತೇ ಇದ್ದಳು.

ಹುಕ್ಕೇರಿಗೆ ಹೊರಟ ಮೋಟಾರಿನಲ್ಲಿ ಅಲ್ಲವ್ವ ಅಜ್ಜನ ತೊಡೆಯ ಮೇಲೆಯೇ ನಿದ್ದೆಹೋದಳು. ಮುರಿಗೆಪ್ಪ ಅವಳ ತಲೆ ಸವರುತ್ತ ಕೂತಿದ್ದ. ಪಾರವ್ವ ಚಿಕ್ಕವಳಿದ್ದಾಗ ಅವಳ ಹಲ್ಲುಗಳನ್ನೂ ಅವನೇ ಕಿತ್ತಿದ್ದ; ಎಂಥ ಹಟಮಾರಿ ಕೂಸು ಎಂದು ಊರ ತುಂಬ ಹೇಳಿ ನಕ್ಕಿದ್ದ. ಮಗಳ ಕಡೆ ತಿರುಗಿದ.

"ಪಾರವ್ವಾ, ಆಗ ನಿನಗ ಭಾಳ ನೋವಾಗಿತ್ತೇನವ್ವಾ?"

ಪಾರವ್ವ ಸೆರಗಿನಿಂದ ಮಗಳ ಬಾಯಿ ಒರೆಸುತ್ತಿದ್ದಳು. ತಲೆಯೆತ್ತದೆ, "ಹೂಂ ಅಪ್ಪಾ," ಎಂದಳು.